ತಾಳಮದ್ದಳೆ ರೆಕಾರ್ಡಿಂಗ್‌ಗೆ ಪ್ಯಾಟರ್ನ್ ಬದಲಿಸುವ ಮೈಕ್: ಎಲ್ಲಿಡಬೇಕು, ಎತ್ತ ತಿರುಗಿಸಬೇಕು?

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಕಾಸರಗೋಡಿನ ಕಡೆ ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಪದ ಮತ್ತು ಮಾತಿನಲ್ಲೇ ನಡೆಸುವ ಯಕ್ಷಗಾನದ ಕೂಟಗಳ ಕಾಲ. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ, ಎಲ್ಲಿ ಹೋದರೂ ಯಾವುದಾದರೂ ಮನೆಯ ಚಾವಡಿಯಲ್ಲೋ ದೇವಸ್ಥಾನದ ಸಭಾಭವನದಲ್ಲೋ ಒಂದು ಕೂಟ ಇರುತ್ತದೆ. ಅದನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವವರೂ ಈಗ ಜಾಸ್ತಿ. ಆದರೆ ಹೆಚ್ಚಿನವನ್ನು ಹತ್ತು ನಿಮಿಷ ಕೇಳುವುದು ಕಷ್ಟ. ಚೆಂಡೆ ಕಿವಿಗೆ ಹೊಡೆಯುತ್ತದೆ. ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಮಾತು ಎಲ್ಲೋ ದೂರದಿಂದ ಕೇಳುತ್ತದೆ. ಹಿಂದೆ ಫ್ಯಾನಿನ ಗುಂಯ್ ಸದ್ದು, ಮೇಲೆ ಮಳೆ.

ಇದಕ್ಕೆ ಹೆಚ್ಚು ಬೆಲೆಯ ಮೈಕ್ ಪರಿಹಾರ ಅಲ್ಲ. ಈಗಿರುವ ಮೈಕಿನಲ್ಲೇ ಪ್ಯಾಟರ್ನ್, ಅಂದರೆ ಯಾವ ದಿಕ್ಕಿನ ಸದ್ದು ಎಷ್ಟು ಕೇಳಬೇಕು ಎಂಬುದನ್ನು, ಬದಲಿಸುವ ಒಂದು ಗುಂಡಿ ಇರಬಹುದು. ಅದನ್ನು ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೇ ಬಿಟ್ಟವರೇ ಹೆಚ್ಚು. ಆ ಗುಂಡಿಯನ್ನು ಬಳಸುವ ಬಗೆ ಇಲ್ಲಿದೆ. ಎಲ್ಲದರ ಹಿಂದೆ ಇರುವುದು ಒಂದೇ ಲೆಕ್ಕ: ಮೈಕಿಗೆ ಏನು ಕೇಳಬೇಕು ಎನ್ನುವುದಕ್ಕಿಂತ ಏನು ಕೇಳಬಾರದು ಎನ್ನುವುದನ್ನು ಮೊದಲು ತೀರ್ಮಾನಿಸಿ. ಪ್ಯಾಟರ್ನ್ ಆರಿಸುವುದು ಅದರ ನಂತರ.

ನಿಮಗೆ ಇಂಥ ಮೈಕ್ ಬೇಕಾ?

ಮನೆಯಲ್ಲಿ ಒಬ್ಬರೇ ಕೂತು ಮಾತಾಡುತ್ತೀರಿ, ಕತೆ ಓದುತ್ತೀರಿ, ಪಾಠ ರೆಕಾರ್ಡ್ ಮಾಡುತ್ತೀರಿ ಎಂದಾದರೆ ಬೇಡ. ಕಾರ್ಡಿಯಾಯ್ಡ್ (ಮುಖ್ಯವಾಗಿ ಎದುರಿನದ್ದನ್ನು ಕೇಳುವ ಪ್ಯಾಟರ್ನ್) ಮಾತ್ರ ಇರುವ ಸಾದಾ ಮೈಕ್ ಸಾಕು. ಅದೇ ದುಡ್ಡಿನಲ್ಲಿ ಒಳ್ಳೆಯ ಸ್ಟ್ಯಾಂಡು, ಕೇಬಲ್, ಹೆಡ್‌ಫೋನ್ ಎಲ್ಲ ಬರುತ್ತದೆ.

ಎದುರುಬದುರು ಕೂತವರ ಮಾತು, ಸುತ್ತ ಕೂತವರ ಭಜನೆ, ಅಜ್ಜಿ ಹೇಳುವ ಪಾಡ್ದನ (ತುಳು ಜನಪದ ಹಾಡು), ನಾಳೆ ಇನ್ನೇನೋ, ಹೀಗೆ ಬೇರೆ ಬೇರೆ ಕೆಲಸ ಇದ್ದರೆ ಮಾತ್ರ ಪ್ಯಾಟರ್ನ್ ಬದಲಿಸುವ ಮೈಕಿಗೆ ಅರ್ಥ ಇದೆ. ಆಡಿಯೋ ಟೆಕ್ನಿಕಾ ಎಟಿ2050, ರೋಡ್ ಎನ್‌ಟಿ2-ಎ ಇವುಗಳಲ್ಲಿ ಮೂರು ಪ್ಯಾಟರ್ನ್ ಇವೆ: ಎಲ್ಲ ದಿಕ್ಕಿನದ್ದು ಕೇಳುವ ಓಮ್ನಿ, ಕಾರ್ಡಿಯಾಯ್ಡ್, ಮುಂದೆ ಹಿಂದೆ ಮಾತ್ರ ಕೇಳುವ ಫಿಗರ್ ಎಯ್ಟ್. ಎಕೆಜಿ ಸಿ414 ಎಕ್ಸ್‌ಎಲ್‌ಎಸ್‌ನಲ್ಲಿ 9 ಇವೆ. ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಕೊಳ್ಳದೆ ನೇರ ಲ್ಯಾಪ್‌ಟಾಪಿಗೆ ಚುಚ್ಚುವ ಯುಎಸ್‌ಬಿ ಮೈಕ್ ಬೇಕಿದ್ದರೆ ಬ್ಲೂ ಯೇತಿಯಲ್ಲಿ ಈ ಮೂರರ ಜೊತೆಗೆ ಸ್ಟೀರಿಯೋ ಕೂಡ ಇದೆ. 9 ಪ್ಯಾಟರ್ನ್ ಇದ್ದರೆ ಮೂರು ಪಟ್ಟು ಲಾಭ ಅಂತೇನಿಲ್ಲ. ಊರಿನ ಕೆಲಸಕ್ಕೆ ಮೂರು ಧಾರಾಳ.

ಇನ್ನೊಂದು ಮಾತು. ಇವು ರೆಕಾರ್ಡಿಂಗ್‌ಗೆ ಇರುವ ಮೈಕುಗಳು. ಸಭೆಯ ಧ್ವನಿವರ್ಧಕಕ್ಕೆ ಜೋಡಿಸಬೇಡಿ, ಕೂಡಲೇ ಕುಯ್ಯೋ ಎನ್ನುತ್ತದೆ. ಸೌಂಡ್ಸ್‌ನವರ ಮೈಕ್ ಅದರ ಪಾಡಿಗೆ ಇರಲಿ, ನಿಮ್ಮದು ಬೇರೆ.

ಒಳಗೆ ಏನು ನಡೆಯುತ್ತದೆ?

ಇದನ್ನು ಬಿಟ್ಟು ಮುಂದೆ ಓದಬಹುದು. ಆದರೆ ಒಮ್ಮೆ ತಲೆಗೆ ಹೋದರೆ ಉಳಿದದ್ದೆಲ್ಲ ಸಲೀಸು.

ಇಂಥ ದೊಡ್ಡ ಕಂಡೆನ್ಸರ್ ಮೈಕಿನ ಜಾಳಿಗೆಯೊಳಗೆ ಸಾಮಾನ್ಯವಾಗಿ ಎರಡು ತೆಳು ಪೊರೆಗಳಿರುತ್ತವೆ. ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಎರಡೂ ಒಂದೊಂದು ಕಾರ್ಡಿಯಾಯ್ಡ್. ಕಾರ್ಡಿಯಾಯ್ಡ್ ಎಂದರೆ ಎದುರಿನದ್ದು ಪೂರ್ತಿ ಕೇಳುತ್ತದೆ, ಬದಿಯದ್ದು ಅರ್ಧ ಕೇಳುತ್ತದೆ, ನೇರ ಹಿಂದಿನದ್ದು ಕೇಳುವುದಿಲ್ಲ. ನಕ್ಷೆ ಬರೆದರೆ ವೀಳ್ಯದೆಲೆ ಇಟ್ಟಂತೆ ಕಾಣುತ್ತದೆ. ತೊಟ್ಟು ಸೇರುವ ಜಾಗದಲ್ಲಿ ಮೈಕ್ ಇದೆ, ಎಲೆ ಪೂರ್ತಿ ಎದುರಿಗೆ ಹರಡಿದೆ ಎಂದುಕೊಳ್ಳಿ.

ಹಿಂದಿನ ಪೊರೆಯನ್ನು ಸುಮ್ಮನಿರಿಸಿದರೆ ಬರೀ ಕಾರ್ಡಿಯಾಯ್ಡ್. ಎರಡನ್ನೂ ಕೂಡಿಸಿದರೆ ಬದಿಯ ಅರ್ಧಕ್ಕೆ ಅರ್ಧ ಸೇರಿ ಒಂದಾಗುತ್ತದೆ. ಆಗ ಎಲ್ಲ ದಿಕ್ಕಿನದ್ದೂ ಒಂದೇ ಸಮ. ಅದು ಓಮ್ನಿ. ಒಂದರಿಂದ ಇನ್ನೊಂದನ್ನು ಕಳೆದರೆ ಬದಿಯಲ್ಲಿ ಅರ್ಧದಿಂದ ಅರ್ಧ ಹೋಗಿ ಸೊನ್ನೆ. ಮುಂದೆ ಹಿಂದೆ ಮಾತ್ರ ಉಳಿಯುತ್ತದೆ. ಅದು ಫಿಗರ್ ಎಯ್ಟ್. ಗುಂಡಿ ತಿರುಗಿಸಿದಾಗ ನಡೆಯುವುದು ಇಷ್ಟೇ, ಕೂಡುವುದು ಮತ್ತು ಕಳೆಯುವುದು.

ಎರಡು ಪೊರೆಯ ಈ ವಿನ್ಯಾಸವನ್ನು 1930ರ ದಶಕದಲ್ಲಿ ಜರ್ಮನಿಯ ಬ್ರಾನ್‌ಮ್ಯೂಲ್ ಮತ್ತು ವೆಬರ್ ಎಂಬಿಬ್ಬರು ಮಾಡಿದರು. 1949ರಲ್ಲಿ ಬಂದ ನಾಯ್ಮನ್ ಯು47 ಮೈಕಿನಲ್ಲಿ ಓಮ್ನಿಗೂ ಕಾರ್ಡಿಯಾಯ್ಡ್‌ಗೂ ಬದಲಿಸುವ ಸ್ವಿಚ್ ಇತ್ತು. 1967ರ ಯು87ರಲ್ಲಿ ಮೂರೂ ಬಂದವು. ಇಂದಿನ ಅಗ್ಗದ ಮೈಕುಗಳೂ ಇದೇ ದಾರಿಯವು.

ಮೊದಲು ಮುಖ ಗುರುತಿಸಿ

ಈ ಮೈಕಿಗೆ ತುದಿಯಿಂದ ಮಾತಾಡುವುದಲ್ಲ, ಬದಿಯಿಂದ. ಹೆಚ್ಚಿನವುಗಳಲ್ಲಿ ಕಂಪನಿಯ ಗುರುತೋ ಪ್ಯಾಟರ್ನಿನ ಚಿಹ್ನೆಯೋ ಇರುವ ಕಡೆಯೇ ಮುಖ. ಮೈಕನ್ನು ನೆಟ್ಟಗೆ ನಿಲ್ಲಿಸಿ ಆ ಬದಿಯನ್ನು ಮಾತಾಡುವವರತ್ತ ತಿರುಗಿಸಿ. ಭಾಷಣದ ಮೈಕಿನ ಹಾಗೆ ಅಡ್ಡ ಮಲಗಿಸಿ ತುದಿಯನ್ನು ಬಾಯಿಗೆ ಹಿಡಿದರೆ ಧ್ವನಿ ಮಂಕಾಗುತ್ತದೆ. ಫಿಗರ್ ಎಯ್ಟ್‌ನಲ್ಲಂತೂ ತುದಿಗೆ ಏನೂ ಕೇಳುವುದಿಲ್ಲ.

ಅನಲಾಗ್ ಮೈಕಾದರೆ ಇಂಟರ್‌ಫೇಸಿನಲ್ಲಿ 48 ವೋಲ್ಟಿನ ಫ್ಯಾಂಟಮ್ ಪವರ್ (ಕೇಬಲ್ಲಿನಲ್ಲೇ ಮೈಕಿಗೆ ಹೋಗುವ ವಿದ್ಯುತ್ತು) ಬೇಕು. ಕೇಬಲ್ ಜೋಡಿಸಿ, ಆಮೇಲೆ 48 ವೋಲ್ಟ್ ಹಾಕಿ, ಸ್ವಲ್ಪ ಕಾದು ಗೇನ್ (ಮೈಕಿನ ಸಿಗ್ನಲ್ ಹೆಚ್ಚಿಸುವ ಗುಂಡಿ) ಏರಿಸಿ. ತೆಗೆಯುವಾಗ ಇದೇ ಕ್ರಮ ಹಿಂದುಮುಂದು. ಪ್ಯಾಟರ್ನ್ ಬದಲಿಸುವಾಗಲೂ ಗೇನ್ ಇಳಿಸಿ, ಹೆಡ್‌ಫೋನ್ ಕಿವಿಯಿಂದ ತೆಗೆದಿರಿ. ಢಬ್ ಅಂತ ದೊಡ್ಡ ಸದ್ದು ಬರಬಹುದು. ಕೂಟದ ಮಧ್ಯೆ ಗುಂಡಿ ಮುಟ್ಟಲೇಬೇಡಿ.

ಕಿವುಡು ಬದಿ ಎಲ್ಲಿದೆ, ಕೇಳಿ ನೋಡಿ

ಚಿತ್ರ ನೋಡಿದರೆ ಸಾಲದು, ಕಿವಿಯಲ್ಲೇ ಕೇಳಬೇಕು. ಕೂಟದ ಹಿಂದಿನ ದಿನ ಮನೆಯಲ್ಲಿ ಹೀಗೆ ಮಾಡಿ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಒಂದು ಕಡೆ ಇಟ್ಟು ಚಾಲೂ ಮಾಡಿ. ಎರಡು ಮೊಳ ದೂರದಲ್ಲಿ ಮೈಕ್ ನಿಲ್ಲಿಸಿ. ಹೆಡ್‌ಫೋನ್ ಹಾಕಿಕೊಂಡು ಮೈಕನ್ನು ಸ್ಟ್ಯಾಂಡಿನಲ್ಲೇ ನಿಧಾನ ತಿರುಗಿಸುತ್ತಾ ಹೋಗಿ. ಕಾರ್ಡಿಯಾಯ್ಡ್‌ನಲ್ಲಿ ಬೆನ್ನು ಶ್ರುತಿಪೆಟ್ಟಿಗೆಗೆ ಬಂದಾಗ ಸದ್ದು ಕುಗ್ಗುತ್ತದೆ. ಫಿಗರ್ ಎಯ್ಟ್‌ನಲ್ಲಿ ಪಕ್ಕೆ ಬಂದಾಗ ಥಟ್ಟನೆ ಬೀಳುತ್ತದೆ. ಎರಡರ ವ್ಯತ್ಯಾಸ ಕೇಳಿದರೆ ಗೊತ್ತಾಗುತ್ತದೆ: ಫಿಗರ್ ಎಯ್ಟ್‌ನ ಕಿವುಡು ಬದಿ ಚೂಪಾದದ್ದು, ಆಳವಾದದ್ದು.

ಪೂರ್ತಿ ನಿಶ್ಶಬ್ದ ಆಗುವುದಿಲ್ಲ. ಗೋಡೆಗೆ ಬಡಿದು ಬಂದ ಸದ್ದು ಬೇರೆ ದಿಕ್ಕಿನಿಂದ ಒಳಗೆ ಬಂದೇ ಬರುತ್ತದೆ. ಓಮ್ನಿಗೆ ಹಾಕಿ ತಿರುಗಿಸಿದರೂ ಅಷ್ಟಿಷ್ಟು ಬದಲಾವಣೆ ಕೇಳುತ್ತದೆ. ದೊಡ್ಡ ಪೊರೆಯ ಮೈಕಿನ ಓಮ್ನಿ ಪೂರ್ತಿ ಸಮ ಅಲ್ಲ, ಬದಿಯಿಂದ ಬರುವ ತಾರಸ್ವರ ಸ್ವಲ್ಪ ಮಂಕು. ಮೈಕ್ ಹಾಳಾಗಿದೆ ಅಂತ ಗಾಬರಿ ಬೇಡ.

ಕಾರ್ಡಿಯಾಯ್ಡ್‌ಗಿಂತ ಕಿರಿದಾಗಿ ಕೇಳುವ ಸೂಪರ್‌ಕಾರ್ಡಿಯಾಯ್ಡ್, ಹೈಪರ್‌ಕಾರ್ಡಿಯಾಯ್ಡ್ ಇರುವ ಮೈಕಾದರೆ ಒಂದು ವಿಷಯ ನೆನಪಿಡಿ. ಅವುಗಳ ಕಿವುಡು ಬದಿ ನೇರ ಹಿಂದೆ ಇಲ್ಲ. ಮುಖದಿಂದ ಸುಮಾರು 126 ಡಿಗ್ರಿ ಮತ್ತು 110 ಡಿಗ್ರಿಯಲ್ಲಿ ಇದೆ, ಎಡಕ್ಕೂ ಬಲಕ್ಕೂ. ಬೆನ್ನ ಹಿಂದೆಯೇ ಧ್ವನಿವರ್ಧಕ ಇಟ್ಟು ಯಾಕೆ ಕೇಳುತ್ತದೆ ಅಂದರೆ ಇದೇ ಕಾರಣ.

ಇಬ್ಬರು ಅರ್ಥಧಾರಿಗಳು, ಒಂದು ಮೈಕ್

ತಾಳಮದ್ದಳೆಯ ಕೂರುವ ಕ್ರಮವನ್ನೇ ನೋಡಿ. ಹಿಂದೆ ಹಿಮ್ಮೇಳ, ಅಂದರೆ ಪದ ಹಾಡುವ ಭಾಗವತರು, ಮದ್ದಳೆ, ಚೆಂಡೆ. ಮುಂದೆ ಎಡಕ್ಕೊಬ್ಬರು ಬಲಕ್ಕೊಬ್ಬರು ಅರ್ಥಧಾರಿಗಳು, ಮುಖ ಮುಖ ನೋಡಿಕೊಂಡು. ಅದರ ಮುಂದೆ ಸಭೆ. ಫಿಗರ್ ಎಯ್ಟ್ ಮೈಕಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇನ್ನೊಂದಿಲ್ಲ ಮಾರಾಯ್ರೇ! ಇಬ್ಬರ ನಡುವೆ ಮೈಕ್ ನಿಲ್ಲಿಸಿ. ಮುಖ ಒಬ್ಬರಿಗೆ, ಬೆನ್ನು ಇನ್ನೊಬ್ಬರಿಗೆ. ಆಗ ಒಂದು ಪಕ್ಕೆ ಹಿಮ್ಮೇಳಕ್ಕೆ, ಇನ್ನೊಂದು ಪಕ್ಕೆ ಸಭೆಗೆ ಬರುತ್ತದೆ. ಎರಡೂ ಕಿವುಡು ಬದಿ. ಚೆಂಡೆಯ ಅಬ್ಬರ ತಗ್ಗುತ್ತದೆ, ಮುಂದೆ ಕೂತವರ ಕೆಮ್ಮು ತಗ್ಗುತ್ತದೆ, ಧ್ವನಿವರ್ಧಕದಿಂದ ವಾಪಸ್ ಬರುವ ಮಾತೂ ತಗ್ಗುತ್ತದೆ.

ಇನ್ನೂ ಒಂದು ಲಾಭ ಇದೆ, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಫಿಗರ್ ಎಯ್ಟ್‌ನ ಕಿವುಡುತನ ಎಡಬಲದಲ್ಲಿ ಮಾತ್ರ ಅಲ್ಲ, ಮೇಲೂ ಕೆಳಗೂ ಇದೆ. ಮೈಕಿನ ಸುತ್ತ ಒಂದು ಬಳೆ ಹಾಕಿದ ಹಾಗೆ. ಆಟಿ ತಿಂಗಳಲ್ಲಿ ಶೀಟಿನ ಮಾಡಿನ ಕೆಳಗೆ ಕೂಟ ನಡೆಯುವಾಗ ನೇರ ನೆತ್ತಿಯಿಂದ ಬರುವ ಮಳೆಯ ಸದ್ದೂ, ಅಲ್ಲೇ ತಿರುಗುವ ಫ್ಯಾನೂ ಈ ಬಳೆಯೊಳಗೆ ಬೀಳುತ್ತವೆ. ಮಾಡಿನ ದೂರದ ಭಾಗದ ಸದ್ದು ಬರುತ್ತದೆ, ನಿಜ. ಜೋರು ಮಳೆಗೆ ಯಾವ ಪ್ಯಾಟರ್ನೂ ಮದ್ದಲ್ಲ. ಆದರೆ ಓಮ್ನಿಯಲ್ಲಿಟ್ಟು ಒಮ್ಮೆ, ಇದರಲ್ಲಿಟ್ಟು ಒಮ್ಮೆ ಕೇಳಿ, ಅರ್ಥಧಾರಿಯ ಮಾತು ಎಷ್ಟು ಹತ್ತಿರ ಬರುತ್ತದೆ ಅಂತ ನಿಮಗೇ ತಿಳಿಯುತ್ತದೆ.

ಎತ್ತರ ಎಷ್ಟು? ಬಾಯಿಯ ಮಟ್ಟದಲ್ಲೇ ಇದ್ದರೆ ಒಳ್ಳೆಯದು. ಆದರೆ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣಬೇಕು. ಕಣ್ಣಿಗೆ ಕಣ್ಣು ಸೇರದೆ ಸಂವಾದ ಏರುವುದಿಲ್ಲ. ಹಾಗಾಗಿ ಉದ್ದ ತೋಳಿನ ಸ್ಟ್ಯಾಂಡಿನಿಂದ ಮೈಕನ್ನು ಸ್ವಲ್ಪ ಮೇಲೆ, ತಲೆಕೆಳಗಾಗಿ ತೂಗುಬಿಡಿ. ಇಬ್ಬರಿಗೂ 30 ಡಿಗ್ರಿ ಮೇಲಿದ್ದರೆ ಸುಮಾರು 1 ಡೆಸಿಬಲ್ ಅಷ್ಟೇ ಕಡಿಮೆ, ಅದು ಲೆಕ್ಕಕ್ಕಿಲ್ಲ. 45 ಡಿಗ್ರಿಗೆ 3 ಡೆಸಿಬಲ್ ಹೋಗುತ್ತದೆ. 60 ಡಿಗ್ರಿಗೆ 6, ಅಂದರೆ ಸಿಗ್ನಲ್ ಅರ್ಧ. ಪಕ್ಕದಲ್ಲಿ ಮೂರನೆಯವರು ಕೂತರೂ ಇದೇ ಲೆಕ್ಕ. ಒಂದೊಂದು ಕಡೆ ಇಬ್ಬಿಬ್ಬರು ಒತ್ತಾಗಿ ಕೂತರೆ ನಡೆಯುತ್ತದೆ. ಸಾಲು ಉದ್ದವಾದರೆ ತುದಿಯವರು ಕಿವುಡು ಬದಿಗೆ ಜಾರುತ್ತಾರೆ. ಆಗ ಒಂದು ಮೈಕಿನ ಆಸೆ ಬಿಟ್ಟುಬಿಡಿ.

ಒಬ್ಬರ ಧ್ವನಿ ಭಾರಿ, ಇನ್ನೊಬ್ಬರದ್ದು ಮೆಲು ಎಂದಿದ್ದರೆ ಗೇನ್‌ನಲ್ಲಿ ಸರಿಮಾಡಲು ಬರುವುದಿಲ್ಲ. ಇರುವುದು ಒಂದೇ ಗೇನ್. ಮೈಕನ್ನೇ ಮೆಲುದನಿಯವರ ಕಡೆ ಒಂದು ಗೇಣು ಸರಿಸಿ. ದೂರ ಎರಡು ಪಟ್ಟಾದರೆ ನೇರ ಬರುವ ಸದ್ದು 6 ಡೆಸಿಬಲ್ ಇಳಿಯುತ್ತದೆ ಎಂಬುದು ನೆನಪಿದ್ದರೆ ಎಷ್ಟು ಸರಿಸಬೇಕು ಎಂಬುದು ಅಂದಾಜಿಗೆ ಸಿಗುತ್ತದೆ. ಇದನ್ನು ಕೂಟ ಶುರುವಾಗುವ ಮೊದಲೇ, ಇಬ್ಬರನ್ನೂ ನಾಲ್ಕು ಮಾತು ಆಡಲು ವಿನಂತಿಸಿ ಮಾಡಿ. ಪೀಠಿಕೆಯ ನಡುವೆ ಎದ್ದು ಹೋಗಿ ಸ್ಟ್ಯಾಂಡು ಎಳೆದರೆ ಬೈಗುಳ ಖಂಡಿತ. ಅಂದ ಹಾಗೆ, ರೆಕಾರ್ಡ್ ಮಾಡುವುದಕ್ಕೂ ಎಲ್ಲರ ಒಪ್ಪಿಗೆ ಕೇಳಿ. ಅದನ್ನು ಹೇಳಿಯೇ ಮಾಡಬೇಕಾದ್ದು.

ಹಿಮ್ಮೇಳಕ್ಕೆ ಎರಡನೇ ಮೈಕ್

ಅರ್ಥದ ಮೈಕಿನಲ್ಲಿ ಹಿಮ್ಮೇಳ ತಗ್ಗಿದ ಮೇಲೆ ಪದ ಕೇಳಲು ಇನ್ನೊಂದು ಮೈಕ್ ಬೇಕೇ ಬೇಕು. ಇದು ಕಾರ್ಡಿಯಾಯ್ಡ್ ಇರಲಿ. ಭಾಗವತರ ಎದುರಿಗೆ, ಎರಡು ಗೇಣು ದೂರ, ಬೆನ್ನು ನೇರ ಅರ್ಥಧಾರಿಗಳ ಮತ್ತು ಸಭೆಯ ಕಡೆಗೆ. ಜಾಗಟೆಯ ಕೈ ಯಾವ ಬದಿಯಲ್ಲಿದೆ ನೋಡಿ, ಅದರಿಂದ ಸ್ವಲ್ಪ ಆಚೆ ತಿರುಗಿಸಿ. ಮದ್ದಳೆ ಪಕ್ಕದಲ್ಲೇ ಇರುವುದರಿಂದ ಅದು ತಾನಾಗಿ ಬರುತ್ತದೆ. ಚೆಂಡೆಗೆ ಮೈಕ್ ಹುಡುಕುವ ಅಗತ್ಯವೇ ಇಲ್ಲ, ಅದು ಎಲ್ಲಿದ್ದರೂ ಬರುತ್ತದೆ. ಅದನ್ನು ಹೊರಗಿಡುವುದೇ ಕೆಲಸ. ಚೆಂಡೆಯವರು ಒಂದು ಮಾರು ಹಿಂದೆ ಸರಿಯಲು ಒಪ್ಪಿದರೆ ಯಾವ ಯಂತ್ರವೂ ಮಾಡದ ಉಪಕಾರ ಆಗುತ್ತದೆ.

ಎರಡು ಮೈಕುಗಳಿಗೆ ಒಂದೇ ಧ್ವನಿ ಬೇರೆ ಬೇರೆ ಹೊತ್ತಿಗೆ ತಲುಪಿದರೆ ಒಂದನ್ನೊಂದು ತಿಂದು ಧ್ವನಿ ತೆಳುವಾಗುತ್ತದೆ. ಒಂದು ಮೈಕಿನಿಂದ ಬಾಯಿಗೆ ಎಷ್ಟು ದೂರವೋ ಅದರ ಮೂರು ಪಟ್ಟಾದರೂ ಎರಡು ಮೈಕುಗಳ ನಡುವೆ ಅಂತರ ಇರಲಿ ಎಂಬುದು ಹಳೆಯ ಅಂದಾಜು. ಚಾವಡಿಯಲ್ಲಿ ಅಷ್ಟು ಜಾಗ ಸಿಗದಿದ್ದರೆ ಕಿವುಡು ಬದಿಗಳೇ ಗತಿ. ಇನ್ನು ಫಿಗರ್ ಎಯ್ಟ್‌ನ ಬೆನ್ನಿನ ಕಡೆಯ ಸಿಗ್ನಲ್ ಉಲ್ಟಾ ಧ್ರುವದ್ದು. ಅದೊಂದನ್ನೇ ಕೇಳಿದರೆ ಏನೂ ಗೊತ್ತಾಗುವುದಿಲ್ಲ. ಎರಡು ಮೈಕ್ ಬೆರೆಸುವಾಗ ಆ ಬದಿಯವರ ಧ್ವನಿ ಸೊರಗಿದರೆ ಸಾಫ್ಟ್‌ವೇರಿನಲ್ಲಿ ಒಂದು ಟ್ರ್ಯಾಕಿನ ಪೊಲಾರಿಟಿ ಬಟನ್ ಒತ್ತಿ ನೋಡಿ. ಯಾವುದು ತುಂಬಿಕೊಂಡು ಕೇಳುತ್ತದೋ ಅದನ್ನು ಇಟ್ಟುಕೊಳ್ಳಿ.

ಭಜನೆಗೆ, ಒಂಟಿ ಧ್ವನಿಗೆ

ಭಜನಾ ಮಂದಿರದಲ್ಲಿ ಸುತ್ತ ಕೂತು ಹಾಡುವಾಗ ಓಮ್ನಿ. ನಡುವೆ ಮೈಕ್, ಎಲ್ಲರೂ ಸರಿಸುಮಾರು ಒಂದೇ ದೂರದಲ್ಲಿ. ತಾಳದವರು ಮಾತ್ರ ಒಂದು ಸಾಲು ಹಿಂದೆ. ಆದರೆ ಓಮ್ನಿಗೆ ಕಿವುಡು ಬದಿಯೇ ಇಲ್ಲ. ಕೋಣೆಯ ಗುಂಗು, ಹೊರಗಿನ ಬೈಕು, ಗಂಟೆ ಎಲ್ಲ ಬರುತ್ತದೆ. ಕಾರ್ಡಿಯಾಯ್ಡ್ ಮತ್ತು ಫಿಗರ್ ಎಯ್ಟ್ ಎರಡೂ ಕೋಣೆಯ ಸದ್ದನ್ನು ಓಮ್ನಿಯ ಮೂರರಲ್ಲಿ ಒಂದು ಪಾಲಿನಷ್ಟೇ ತೆಗೆದುಕೊಳ್ಳುತ್ತವೆ. ಅಂದರೆ ಓಮ್ನಿಯನ್ನು 1 ಅಡಿಯಲ್ಲಿಟ್ಟರೆ ಎಷ್ಟು ಗುಂಗು ಬರುತ್ತದೋ, ಅವನ್ನು 1.7 ಅಡಿಯಲ್ಲಿಟ್ಟರೆ ಅಷ್ಟೇ. ಮುರಕಲ್ಲಿನ ಗೋಡೆ, ಹಂಚಿನ ಮಾಡಿನ ಹಳೆ ಮಂದಿರದಲ್ಲಿ ಓಮ್ನಿ ಚಂದ. ಟೈಲ್ಸ್ ಹಾಕಿದ ಕಾಂಕ್ರೀಟು ಹಾಲಿನಲ್ಲಿ ಬೇಡ.

ಹಾಲು ಗುಂಗುಟ್ಟಿದರೆ ನೆಲಕ್ಕೆ ದಪ್ಪ ಜಮಖಾನ, ಹಿಂದಿನ ಗೋಡೆಗೆ ಹಾಸಿಗೆ ಒರಗಿಸಿ. ಅಡಿಕೆ ತುಂಬಿದ ಗೋಣಿಗಳ ಸಾಲು ಸಿಕ್ಕಿದರೆ ಇನ್ನೂ ಒಳ್ಳೆಯದು. ನಮ್ಮ ಕಡೆ ಅದಕ್ಕೇನು ಬರ, ಅಲ್ವಾ?

ಒಬ್ಬರೇ ಮಾತಾಡುವಾಗ ಅಥವಾ ಹಾಡುವಾಗ ಕಾರ್ಡಿಯಾಯ್ಡ್, ಒಂದು ಗೇಣು ದೂರ, ನಡುವೆ ಉಸಿರಿನ ಹೊಡೆತ ತಡೆಯುವ ಪಾಪ್ ಫಿಲ್ಟರ್ ಪರದೆ. ಬೆನ್ನು ಫ್ಯಾನಿಗೋ ಕಿಟಕಿಗೋ ಇರಲಿ. ತೀರಾ ಹತ್ತಿರ ಬಂದರೆ ಮಂದ್ರ ಉಬ್ಬುತ್ತದೆ. ಇದು ಫಿಗರ್ ಎಯ್ಟ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು, ಕಾರ್ಡಿಯಾಯ್ಡ್‌ನಲ್ಲಿ ಕಡಿಮೆ, ಓಮ್ನಿಯಲ್ಲಿ ಇಲ್ಲವೆಂದೇ ಹೇಳಬಹುದು. ಹಾಡುವಾಗ ಅತ್ತಿತ್ತ ವಾಲಾಡುವ ಅಜ್ಜಿಯ ಪಾಡ್ದನಕ್ಕೆ, ಕೋಣೆ ಸುಮ್ಮನಿದ್ದರೆ, ಓಮ್ನಿಯೇ ಮೇಲು. ತಲೆ ಎತ್ತ ತಿರುಗಿದರೂ ಧ್ವನಿಯ ಬಣ್ಣ ಅಷ್ಟಾಗಿ ಬದಲಾಗುವುದಿಲ್ಲ. ಹೀಗೆ ಕೂರಿ, ಹಾಗೆ ಕೂರಿ ಅಂತ ಅವರನ್ನು ಸತಾಯಿಸುವ ಕೆಲಸವೂ ಇಲ್ಲ.

ಗೇನ್, ಪ್ಯಾಡ್, ಲೋ ಕಟ್

ಅರ್ಥಧಾರಿ ಪಿಸುಮಾತಿನಿಂದ ಗರ್ಜನೆಗೆ ಒಂದೇ ಉಸಿರಿನಲ್ಲಿ ಏರುತ್ತಾರೆ. ಕರ್ಣನ ಸಮಾಧಾನದ ಮಾತಿಗೆ ಗೇನ್ ಇಟ್ಟರೆ ಕೌರವನ ಕೂಗಿಗೆ ಒಡೆಯುತ್ತದೆ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ಅತಿ ಜೋರಿನ ಮಾತು ಮೀಟರಿನಲ್ಲಿ ಮೈನಸ್ 12ರ ಆಸುಪಾಸು ನಿಲ್ಲುವ ಹಾಗೆ ಇಡಿ. ಕಡಿಮೆ ಅನ್ನಿಸಿದರೆ ಆಮೇಲೆ ಏರಿಸಬಹುದು. ಒಡೆದದ್ದನ್ನು ಸರಿಮಾಡಲು ಆಗದು.

ಮೈಕಿನ ಮೇಲೆ ಮೈನಸ್ 10 ಎಂದು ಬರೆದ ಪ್ಯಾಡ್ ಸ್ವಿಚ್ (ಮೈಕಿನೊಳಗೇ ಸಿಗ್ನಲ್ ತಗ್ಗಿಸುವುದು) ಇದ್ದರೆ ಹಿಮ್ಮೇಳದ ಮೈಕಿಗೆ ಹಾಕಿ. ಗೇನ್ ಪೂರ್ತಿ ಇಳಿಸಿದರೂ ಚೆಂಡೆಯ ಪೆಟ್ಟು ಒಡೆಯುತ್ತಿದ್ದರೆ ಮದ್ದು ಅದೊಂದೇ. ತೀರಾ ಮಂದ್ರದ ಸದ್ದನ್ನು ಕಡಿಯುವ ಲೋ ಕಟ್, ಸಾಮಾನ್ಯವಾಗಿ 80 ಹರ್ಟ್ಸ್, ಅರ್ಥದ ಮೈಕಿಗೆ ಹಾಕಿ. ಫ್ಯಾನಿನ ಗುಂಯ್, ಹಲಗೆಯ ಮೇಲೆ ಕಾಲು ಇಟ್ಟ ಸದ್ದು ಇಳಿಯುತ್ತದೆ, ಮಾತಿಗೆ ನಷ್ಟ ಇಲ್ಲ. ಮದ್ದಳೆಯ ಎಡದ ಗುಂಕಾರ ಬೇಕಿರುವಲ್ಲಿ ಹಾಕಬೇಡಿ.

ಮಳೆಗಾಲದಲ್ಲಿ ಮೈಕ್ ಉಳಿಸಿಕೊಳ್ಳುವುದು

ಕಂಡೆನ್ಸರ್ ಮೈಕಿನ ಶತ್ರು ತೇವ. ಪೊರೆಗೂ ಅದರ ಹಿಂದಿನ ಲೋಹದ ತಟ್ಟೆಗೂ ನಡುವಿನ ಸಂದು ಕೂದಲೆಳೆಯಷ್ಟು. ತೇವ ಕೂತು ವಿದ್ಯುತ್ತು ಸೋರತೊಡಗಿದರೆ ಚಟಪಟ ಸದ್ದು ಶುರುವಾಗುತ್ತದೆ. ಹಾಗಾದಾಗ ಬಿಚ್ಚಲು ಹೋಗಬೇಡಿ, ಬಿಸಿಲಿಗೂ ಇಡಬೇಡಿ. 48 ವೋಲ್ಟ್ ತೆಗೆದು, ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಒಂದೆರಡು ದಿನ ಮುಚ್ಚಿಡಿ. ಹೆಚ್ಚಾಗಿ ತಾನೇ ಸರಿಯಾಗುತ್ತದೆ. ಎಸಿ ಕಾರಿನಿಂದ ಇಳಿಸಿದ ಕೂಡಲೇ ಪೆಟ್ಟಿಗೆ ತೆರೆಯಬೇಡಿ. ತಣ್ಣಗಿನ ಲೋಹದ ಮೇಲೆ ಹೊರಗಿನ ತೇವ ಬೆವರಾಗಿ ಕೂರುತ್ತದೆ. ಅರ್ಧ ಗಂಟೆ ಮುಚ್ಚಿಯೇ ಇಟ್ಟು ಆಮೇಲೆ ತೆಗೆಯಿರಿ.

ಮೈಕ್ ಚಾಲೂ ಇದೆಯಾ ಅಂತ ಊದಿ ನೋಡುವ, ಬೆರಳಿನಿಂದ ತಟ್ಟುವ ಚಾಳಿ ಸಭೆಗಳಲ್ಲಿ ಇದೆ. ಈ ಮೈಕಿಗೆ ಅದು ಬೇಡವೇ ಬೇಡ. ಉಸಿರಿನ ತೇವ ನೇರ ಪೊರೆಗೆ ಹೋಗುತ್ತದೆ. ಎಲೆ ಅಡಿಕೆ ಹಾಕಿಕೊಂಡು ಮಾತಾಡುವ ಹಿರಿಯರ ಎದುರು ಪಾಪ್ ಫಿಲ್ಟರ್ ಎರಡು ಕೆಲಸ ಮಾಡುತ್ತದೆ, ಬಿಡಿಸಿ ಹೇಳಬೇಕಾಗಿಲ್ಲ.

ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಸಾಧ್ಯವಾದರೆ ತೇವ ತೋರಿಸುವ ಒಂದು ಚಿಕ್ಕ ಮೀಟರು. ಶೇಕಡಾ 50ರ ಒಳಗಿದ್ದರೆ ಆರಾಮ. ಅಕ್ಕಿಯ ಡಬ್ಬಿಯಲ್ಲಿ ಹುಗಿದಿಡುವ ಉಪಾಯ ಬೇಡ, ಜಾಳಿಗೆಯೊಳಗೆ ಧೂಳು ಹೋಗುತ್ತದೆ. ಸಿಲಿಕಾ ಜೆಲ್‌ನ ಹರಳುಗಳ ಬಣ್ಣ ಬದಲಾದಾಗ ಓವನ್‌ನಲ್ಲಿ ಹದವಾಗಿ ಬಿಸಿ ಮಾಡಿದರೆ ಮತ್ತೆ ಬಳಸಬಹುದು. ನೀಲಿ ಬಣ್ಣದ ಹರಳಿನಲ್ಲಿ ಕೋಬಾಲ್ಟ್ ಇರುತ್ತದೆ, ಹೊಟ್ಟೆಗೆ ಹೋದರೆ ಒಳ್ಳೆಯದಲ್ಲ. ಹಾಗಾಗಿ ಅಡುಗೆಯ ಓವನ್ನಿನಲ್ಲಿ, ಅಡುಗೆಯ ಪಾತ್ರೆಯಲ್ಲಿ ಅದನ್ನು ಬಿಸಿ ಮಾಡಬೇಡಿ. ಕೊಳ್ಳುವಾಗಲೇ ಕೋಬಾಲ್ಟ್ ಇಲ್ಲದ ಕಿತ್ತಳೆ ಬಣ್ಣದ್ದು ಕೇಳಿ ತನ್ನಿ.